ಭೌತಶಾಸ್ತ್ರ ಮತ್ತು ಗಣಿತ ಪುಸ್ತಕಗಳ ಆಯ್ಕೆ: ಗ್ರಂಥಾಲಯ ಸದಸ್ಯರಿಗೆ ಮಾಹಿತಿ

ಎರವಲು ಪಡೆದ ಪುಸ್ತಕವು ಮಟ್ಟಕ್ಕೆ ಮೀರಿದ್ದಲ್ಲಿ, ವಿಷಯವೇ ತನಗೆ ಒಗ್ಗದೆಂದು ವಿದ್ಯಾರ್ಥಿಯು ಭಾವಿಸುವ ಸಂಭವವಿರುತ್ತದೆ. ಆದುದರಿಂದ ಸದಸ್ಯರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. ಪ್ರೌಢಶಾಲೆ: ಪಠ್ಯಪುಸ್ತಕವೇ ಮೊದಲ ಆಧಾರ. ಕುತೂಹಲ ಬೆಳೆಸಲು ಯಾಕೊವ್ ಪೆರೆಲ್ಮನ್ ಅವರ ಜನಪ್ರಿಯ ವಿಜ್ಞಾನ ಕೃತಿಗಳು ಸೂಕ್ತ.

2. ಪದವಿ ಪೂರ್ವ: ಎನ್.ಸಿ.ಇ.ಆರ್.ಟಿ. ಪುಸ್ತಕಗಳನ್ನು ಪೂರ್ಣಗೊಳಿಸಿದ ನಂತರ, ಲೆಕ್ಕಗಳ ಅಭ್ಯಾಸಕ್ಕಾಗಿ ಎಚ್.ಸಿ. ವರ್ಮಾ ಅವರ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’ (2 ಸಂಪುಟಗಳು); ತ್ರಿಕೋನಮಿತಿಗೆ ಎಸ್.ಎಲ್. ಲೋನಿ ಅವರ ಕೃತಿ.

3. ಪದವಿ: ಹ್ಯಾಲಿಡೇ ಮತ್ತು ರೆಸ್ನಿಕ್ ಅವರ ಭೌತಶಾಸ್ತ್ರ ಗ್ರಂಥಕ್ಕೆ ಕಲನಶಾಸ್ತ್ರದ ಪರಿಚಯ ಅಗತ್ಯ. ರಿಚರ್ಡ್ ಫೈನ್‌ಮನ್ ಅವರು 1961-63ರ ಅವಧಿಯಲ್ಲಿ ನೀಡಿದ ಉಪನ್ಯಾಸಗಳ 3 ಸಂಪುಟಗಳನ್ನು ಪಠ್ಯದ ಜೊತೆಯ ಓದಿಗೆ ಬಳಸುವುದು ಸೂಕ್ತ.

ಪುಸ್ತಕ ಪಡೆಯುವ ಮುನ್ನ, ಮೊದಲ ಅಧ್ಯಾಯಗಳಲ್ಲಿ ಬಿಡಿಸಿರುವ ಒಂದು ಲೆಕ್ಕವನ್ನು ಓದಿ ನೋಡತಕ್ಕದ್ದು. ಹಂತಗಳು ಅರ್ಥವಾದಲ್ಲಿ ಪುಸ್ತಕವು ಸೂಕ್ತ. ಸಂಕೇತಗಳೇ ಅಪರಿಚಿತವಾಗಿದ್ದಲ್ಲಿ ಹಿಂದಿನ ಮಟ್ಟದ ಪುಸ್ತಕವನ್ನು ಪಡೆಯುವುದು. ಇದು ಹಿನ್ನಡೆಯಲ್ಲ.

ಡ್ಯೂಯಿ ದಶಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಗಣಿತ ಪುಸ್ತಕಗಳು 510ರಿಂದ, ಭೌತಶಾಸ್ತ್ರ ಪುಸ್ತಕಗಳು 530ರಿಂದ ಆರಂಭವಾಗುವ ಕಪಾಟುಗಳಲ್ಲಿ ದೊರೆಯುತ್ತವೆ.