ಮೊದಲು ಮಟ್ಟ, ಆಮೇಲೆ ಹಸಿರು

ಗಣೇಶನ ಹಬ್ಬಕ್ಕೆ ಬದುವಿನ ಮೇಲಿನ ಗರಿಕೆ ಕಿತ್ತವರಿಗೆ ಅದರ ಸ್ವಭಾವ ಗೊತ್ತು. ಒಂದು ಕುಡಿ ಹಿಡಿದು ಎಳೆದರೆ ನೆಲಕ್ಕೆ ಅಂಟಿಕೊಂಡೇ ಹರಿದ ಕಾಂಡ ಮೊಳದುದ್ದ ಎದ್ದು ಬರುತ್ತದೆ. ಗೆಣ್ಣು ಗೆಣ್ಣಿಗೂ ಬೇರು. ಅಗೆದು ನೋಡಿದರೆ ಮಣ್ಣಿನೊಳಗೂ ಇನ್ನೊಂದು ಬಿಳಿ ಕಾಂಡ ಓಡಿರುತ್ತದೆ. ರಾಗಿ ಹೊಲದಲ್ಲಿ ಇದೊಂದು ಕಾಟ. ಎಷ್ಟು ಕುಂಟೆ ಹೊಡೆದರೂ ತುಂಡಾದ ಗೆಣ್ಣು ಮತ್ತೆ ಚಿಗುರುತ್ತದೆ. ಗಾಲ್ಫ್ ಮೈದಾನದ ಮಾಲಿಗಳ ಕಸುಬು ನಿಂತಿರುವುದು ಇದೇ ಹಠದ ಮೇಲೆ. ಅವರು ಬರ್ಮುಡಾ ಎನ್ನುವ ಹುಲ್ಲು, ಸಸ್ಯಶಾಸ್ತ್ರದವರು ಸೈನೋಡಾನ್ ಡ್ಯಾಕ್ಟಿಲಾನ್ ಎನ್ನುವ ಹುಲ್ಲು, ನಮ್ಮ ಗರಿಕೆಯೇ.

ಆಟಕ್ಕೆ ಬಳಸುವ ತಳಿಗಳು ಮಾತ್ರ ಕೊಂಚ ಬೇರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಗರಿಕೆಯನ್ನು ಅದರ ಆಫ್ರಿಕಾದ ಸಣ್ಣ ಎಲೆಯ ನೆಂಟನೊಂದಿಗೆ ಕೂಡಿಸಿದರು. 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ, 1965ರಲ್ಲಿ ಟಿಫ್‌ಡ್ವಾರ್ಫ್ ಹೊರಬಂದವು. ಮೊದಲೆರಡನ್ನು ಮೈದಾನದವರು ಇವತ್ತಿಗೂ 328, 419 ಎಂದು ನಂಬರಿನಲ್ಲೇ ಕರೆಯುತ್ತಾರೆ. ಈ ಮಿಶ್ರತಳಿಗಳು ಬೀಜ ಕಟ್ಟುವುದಿಲ್ಲ. ಹಾಗಾಗಿ ಹುಲ್ಲು ಹೋದ ಕಡೆ ಒಂದು ಹಿಡಿ ಬೀಜ ಎರಚಿ ನೀರು ಹಾಕುವ ಸುಲಭದ ದಾರಿ ಇಲ್ಲಿಲ್ಲ. ಪಕ್ಕದ ಹುಲ್ಲು ತಾನಾಗಿ ತೆವಳಿಕೊಂಡು ಬಂದು ಗಾಯ ಮುಚ್ಚಬೇಕು, ಇಲ್ಲವೇ ಬೇರೆ ಕಡೆಯಿಂದ ಬೇರು ಸಮೇತ ತಂದು ಕೂರಿಸಬೇಕು. ರಿಪೇರಿಯ ಎಲ್ಲ ಜಾಣ್ಮೆಯೂ ಆ ತೆವಳುವಿಕೆಗೆ ಹಾದಿ ಮಾಡಿಕೊಡುವುದರಲ್ಲಿದೆ.

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ. ನಗರದ ನಡುವಿನ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಆದರೆ ಐಟಿ ಬೆಂಗಳೂರಿನ ಕಣ್ಣಿಗೆ ದಿನವೂ ಬೀಳುವುದು ದೊಮ್ಮಲೂರಿನಾಚೆಯ ಚಲ್ಲಘಟ್ಟದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನ. ವೈಟ್‌ಫೀಲ್ಡಿಗೂ ಹೊರವರ್ತುಲ ರಸ್ತೆಗೂ ಹೋಗುವ ವಾಹನಗಳ ಸಾಲು ಅದರ ಸುತ್ತಮುತ್ತ ಹಗಲಿಡೀ ಹರಿಯುತ್ತದೆ. ಪಕ್ಕದ ಐಟಿ ಪಾರ್ಕಿಗೆ ಗಾಲ್ಫ್ ಲಿಂಕ್ಸ್ ಎಂದೇ ಹೆಸರು. 2012ರ ಇಂಡಿಯನ್ ಓಪನ್ ಗಾಲ್ಫ್ ಪಂದ್ಯಾವಳಿ ನಡೆದದ್ದು ಈ ಮೈದಾನದಲ್ಲಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದು ದೇಶವನ್ನೇ ಬೆಳಗಿನ ಜಾವ ಟಿವಿ ಮುಂದೆ ಕೂರಿಸಿದ ಅದಿತಿ ಅಶೋಕ್ ಮಗುವಾಗಿದ್ದಾಗ ಕೋಲು ಹಿಡಿದದ್ದೂ ಇಲ್ಲಿಯೇ. ಆಟಗಾರರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಅವರು ಹೊಡೆದು ಹೋದ ನೆಲವನ್ನು ಮರುದಿನಕ್ಕೆ ಸರಿ ಮಾಡಿಡುವವರ ಕೈಚಳಕದ ಬಗ್ಗೆ ಓದಿದ್ದು ಕಡಿಮೆ, ಅದಕ್ಕೇ ಈ ಬರಹ.

ಚಿಕ್ಕ ಗಾಯದಿಂದಲೇ ಆರಂಭಿಸೋಣ. ನೂರು ನೂರೈವತ್ತು ಗಜ ದೂರದಿಂದ ಎತ್ತರಕ್ಕೆ ಹೊಡೆದ ಚೆಂಡು ಗ್ರೀನಿನ ಮೇಲೆ, ಅಂದರೆ ಬಾವುಟ ನೆಟ್ಟ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಬಿದ್ದಾಗ ಒಂದು ತಗ್ಗು ಆಗುತ್ತದೆ. ಇದಕ್ಕೆ ಪಿಚ್ ಮಾರ್ಕ್ ಎನ್ನುತ್ತಾರೆ. ಚೆಂಡು ಬಂದ ದಿಕ್ಕಿನ ಕಡೆ ಹುಲ್ಲು ಜಜ್ಜಿ ಹೋಗಿರುತ್ತದೆ, ಎದುರು ಅಂಚು ಉಬ್ಬಿರುತ್ತದೆ. ಗ್ರೀನಿನ ಹುಲ್ಲಿನ ಎತ್ತರ ಮೂರು ನಾಲ್ಕು ಮಿಲಿಮೀಟರು ಮಾತ್ರ ಎಂಬುದನ್ನು ನೆನಪಿಡಿ. ನೆಲ ಎರಡು ಮಿಲಿಮೀಟರು ಉಬ್ಬಿದರೂ ಮರುದಿನ ಬೆಳಿಗ್ಗೆ ಬರುವ, ಹುಲ್ಲು ಕತ್ತರಿಸುವ ಮೋವರಿನ ಬ್ಲೇಡು ಅಲ್ಲಿನ ಹಸಿರನ್ನೆಲ್ಲ ಬೋಳಿಸಿಬಿಡುತ್ತದೆ.

ನೋಡಿದವರಿಗೆ ತಕ್ಷಣ ಹೊಳೆಯುವ ಉಪಾಯವೆಂದರೆ, ತಗ್ಗಿನ ತಳಕ್ಕೆ ಫೋರ್ಕ್ ಹಾಕಿ ಮೀಟಿ ಮಣ್ಣನ್ನು ಮೇಲಕ್ಕೆತ್ತುವುದು. ಬಹಳ ಆಟಗಾರರು ಮಾಡುವುದೂ ಅದನ್ನೇ. ಮೀಟಿದ ಕೂಡಲೇ ತಗ್ಗು ತುಂಬಿದಂತೆ ಕಾಣುತ್ತದೆ, ಆದರೆ ಒಳಗೆ ಬೇರು ಹರಿದಿರುತ್ತದೆ. ಎರಡು ದಿನದಲ್ಲಿ ಅಲ್ಲೊಂದು ಕಂದು ಚುಕ್ಕೆ. ಆಟಗಾರನ ಚೀಲ ಹೊರುವ ಅನುಭವಿ ಕ್ಯಾಡಿ ಅಥವಾ ಮಾಲಿ ಮಾಡುವುದನ್ನು ಹತ್ತಿರ ಕೂತು ನೋಡಿ. ಎರಡು ಹಲ್ಲಿನ ಪುಟ್ಟ ಫೋರ್ಕನ್ನು ತಗ್ಗಿನೊಳಗೆ ಹಾಕದೆ, ಅದರ ಅಂಚಿನಾಚೆ, ಇನ್ನೂ ಚೆನ್ನಾಗಿರುವ ಹುಲ್ಲಿನಲ್ಲಿ ಓರೆಯಾಗಿ ಊರುತ್ತಾರೆ. ಹಿಡಿಯನ್ನು ನಡುವಿನತ್ತ ಬಾಗಿಸುತ್ತಾರೆ. ಅಂಚಿನ ಹುಲ್ಲು ಬೇರು ಸಮೇತ ಒಂದಿಷ್ಟು ಒಳಕ್ಕೆ ಸರಿಯುತ್ತದೆ. ಕಿತ್ತು, ಪಕ್ಕಕ್ಕೆ ಇನ್ನೊಂದು ಸಲ. ಹೀಗೆ ಸುತ್ತ ನಾಲ್ಕೈದು ಕಡೆ. ತಗ್ಗಿನ ಬಾಯಿ ಎಲ್ಲ ಕಡೆಯಿಂದಲೂ ಕೂಡಿಕೊಳ್ಳುತ್ತದೆ. ಕೊನೆಗೆ ಪಟರಿನ, ಅಂದರೆ ಗ್ರೀನಿನ ಮೇಲೆ ಚೆಂಡು ಉರುಳಿಸುವ ಕೋಲಿನ ಅಡಿಯಿಂದ ಎರಡು ಸಲ ಮೆಲ್ಲಗೆ ತಟ್ಟಿ ಅಂಗೈ ಆಡಿಸಿ ನೋಡುತ್ತಾರೆ. ಬಿದ್ದ ಸ್ವಲ್ಪ ಹೊತ್ತಿನಲ್ಲೇ ಇಷ್ಟು ಮಾಡಿದರೆ ಗುರುತು ಬೇಗ ಅಳಿಯುತ್ತದೆ. ಬಿಟ್ಟರೆ ವಾರಗಟ್ಟಲೆ ಉಳಿಯುತ್ತದೆ. ಕೆಲಸಕ್ಕೆ ಹಿಡಿಯುವುದು ಅರ್ಧ ನಿಮಿಷವೂ ಇಲ್ಲ. ಅಷ್ಟು ಹೊತ್ತಿನಲ್ಲಿ ಕೈ ಹುಲ್ಲನ್ನು ಒಮ್ಮೆಯೂ ಮೇಲಕ್ಕೆ ಎಳೆಯುವುದಿಲ್ಲ ಎಂಬುದೇ ನನಗೆ ಬಲು ಸೊಗಸಾಗಿ ಕಾಣುತ್ತದೆ.

ಹಿಂದೆ ಗ್ರೀನಿನ ಮೇಲೆ ಆಟಗಾರ ಸರಿಪಡಿಸಬಹುದಾಗಿದ್ದು ಚೆಂಡಿನ ತಗ್ಗು ಮತ್ತು ಹಳೆಯ ಕುಳಿಯ ತೇಪೆ, ಇವೆರಡನ್ನೇ. ಶೂ ಗೀಚಿದ ಗುರುತು ದಾರಿಗೆ ಅಡ್ಡ ಇದ್ದರೂ ಮುಟ್ಟುವಂತಿರಲಿಲ್ಲ. 2019ರ ಜನವರಿ 1ರಿಂದ ಬಂದ ಹೊಸ ನಿಯಮಾವಳಿ ಗ್ರೀನಿನ ಮೇಲಿನ ಬಹುಪಾಲು ಹಾನಿಯನ್ನು ಸರಿಪಡಿಸಲು ಆಟಗಾರನಿಗೇ ಅನುಮತಿ ಕೊಟ್ಟಿದೆ. ಮಾಲಿಗಳ ದೃಷ್ಟಿಯಿಂದ ಇದು ದೊಡ್ಡ ಬದಲಾವಣೆ: ಸರಿಯಾಗಿ ಕಲಿತ ಕೈಗಳು ಹೆಚ್ಚಾದರೆ ಲಾಭ, ಕಲಿಯದ ಕೈಗಳು ಹೆಚ್ಚಾದರೆ ಕೆಲಸ ಎರಡರಷ್ಟು.

ಕುಳಿಯ ತೇಪೆ ಎಂದೆನಲ್ಲ, ಈ ಇಡೀ ಕಸುಬಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು. ಗ್ರೀನಿನ ಕುಳಿ ಒಂದೇ ಜಾಗದಲ್ಲಿ ಇರುವುದಿಲ್ಲ. ಇದ್ದರೆ ಎಲ್ಲರ ಕಾಲೂ ಅದರ ಸುತ್ತಲೇ ತುಳಿದು ನೆಲ ಗಟ್ಟಿಯಾಗುತ್ತದೆ. ಆದ್ದರಿಂದ ಆಟ ಜೋರಾಗಿರುವ ಮೈದಾನಗಳಲ್ಲಿ ಬೆಳಕು ಹರಿಯುವ ಹೊತ್ತಿಗೇ ಕುಳಿ ಬದಲಿಸುವವರು ಹೊರಡುತ್ತಾರೆ. ಕೈಯಲ್ಲಿ ಕಪ್ ಕಟರ್: 108 ಮಿಲಿಮೀಟರು ಅಡ್ಡಳತೆಯ ಉಕ್ಕಿನ ಕೊಳವೆ, ಕೆಳಗೆ ಹರಿತ, ಮೇಲೆ ಎರಡು ಹಿಡಿ. ಆ ಅಳತೆ ಜಗತ್ತಿನ ಎಲ್ಲ ಗಾಲ್ಫ್ ಕುಳಿಗಳಿಗೂ ಒಂದೇ. ಹೊಸ ಜಾಗ ಆರಿಸಿ, ಕಟರನ್ನು ನೇರವಾಗಿ ನಿಲ್ಲಿಸಿ, ಮೈಭಾರ ಹಾಕಿ ಅತ್ತ ಇತ್ತ ತಿರುಗಿಸುತ್ತಾ ಇಳಿಸುತ್ತಾರೆ. ಓರೆಯಾದರೆ ಬಾವುಟದ ಕೋಲೂ ಓರೆ, ಕುಳಿಯ ಒಂದು ತುಟಿ ಮೇಲೆ. ಮೇಲಕ್ಕೆತ್ತಿದಾಗ ಹಸಿರು ತಲೆಯ ಮಣ್ಣಿನ ಉರುಳೆ ಇಡಿಯಾಗಿ ಬರುತ್ತದೆ. ಅದರ ಪಕ್ಕವನ್ನು ನೋಡಿದರೆ ಗ್ರೀನಿನ ಆರೋಗ್ಯ ಓದಬಹುದು: ಬಿಳಿ ಬೇರು ಎಷ್ಟು ಆಳ ಇಳಿದಿದೆ, ಕಪ್ಪು ಪದರ ಕಟ್ಟಿದೆಯೇ, ಕೆಟ್ಟ ವಾಸನೆ ಇದೆಯೇ.

ಆಮೇಲೆ ಹಳೆಯ ಕುಳಿಯೊಳಗೆ ಕೂರಿಸಿದ್ದ ಬಟ್ಟಲನ್ನು ಕೊಕ್ಕೆಯಿಂದ ಎತ್ತಿ, ಆ ಜಾಗಕ್ಕೆ ಈ ಉರುಳೆ ಕೂರಿಸುವುದು. ಸಣ್ಣ ಕೆಲಸವೆಂದು ಕಾಣುವ ಇಲ್ಲಿಯೇ ಅನುಭವ ಗೊತ್ತಾಗುವುದು. ಹಳೆಯ ಕುಳಿಯ ತಳ ಬಟ್ಟಲು ಕೂತು ಕೂತು ಬಿಗಿದಿರುತ್ತದೆ. ಅದನ್ನು ಕೆದಕಿ ಸಡಿಲ ಮಾಡದಿದ್ದರೆ ಉರುಳೆಯ ಬೇರು ಕೆಳಕ್ಕಿಳಿಯದು. ಆಳ ಹೆಚ್ಚಿದ್ದರೆ ಒಂದು ಹಿಡಿ ಮರಳು ಮಿಶ್ರಣ, ಕಡಿಮೆ ಇದ್ದರೆ ಉರುಳೆಯ ಬುಡ ಕೆರೆಯುವುದು. ಕೂರಿಸಿ, ಅಂಗಾಲಿನಿಂದ ಒತ್ತಿ, ಬಗ್ಗಿ ಅಂಗೈಯನ್ನು ಆ ದುಂಡಿನ ಮೇಲೆ ನಾಲ್ಕೂ ಕಡೆಯಿಂದ ಆಡಿಸುತ್ತಾರೆ. ತಗ್ಗಾಗಿ ಕೂತರೆ ನೀರು ನಿಂತು ಹಳದಿಯಾಗುತ್ತದೆ, ಎತ್ತರವಾದರೆ ಮೋವರ್ ಬೋಳಿಸುತ್ತದೆ. ಕಣ್ಣಿಗೆ ಸಮ ಎಂದು ಕಂಡದ್ದು ಕೈಗೆ ಸಮ ಇರುವುದಿಲ್ಲ. ಅವರು ನಂಬುವುದು ಕೈಯನ್ನು. ಒಪ್ಪದಿದ್ದರೆ ಎತ್ತಿ ಮತ್ತೆ ಕೂರಿಸುತ್ತಾರೆ. ಕೊನೆಯಲ್ಲಿ ಒಂದು ಕ್ಯಾನ್ ನೀರು, ಏಕೆಂದರೆ ಸುತ್ತ ಬೇರು ಕತ್ತರಿಸಿಕೊಂಡ ಆ ತುಂಡು ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗಬಲ್ಲದು. ಹದಿನೆಂಟು ಗ್ರೀನಿಗೆ ಹದಿನೆಂಟು ಸಲ ಇದೇ ಕೆಲಸ, ಮೊದಲ ಆಟಗಾರ ಬಂದು ತಲುಪುವುದರೊಳಗೆ.

ಫೇರ್‌ವೇ, ಅಂದರೆ ಗ್ರೀನಿನತ್ತ ಚೆಂಡು ಸಾಗುವ ಉದ್ದನೆಯ ಹುಲ್ಲುಹಾಸಿನ ಗಾಯ ಇನ್ನೊಂದು ತರಹ. ಕಬ್ಬಿಣದ ತಲೆಯ ಕ್ಲಬ್ಬು ಚೆಂಡಿನ ಜೊತೆ ಅಂಗೈಯಗಲದ ಹುಲ್ಲಿನ ಚಕ್ಕೆಯನ್ನೂ ಎಬ್ಬಿಸುತ್ತದೆ. ಆ ಚಕ್ಕೆಗೂ ಅದು ಎದ್ದ ಗುಂಡಿಗೂ ಡಿವೋಟ್ ಎಂದೇ ಹೆಸರು. ಚಳಿ ದೇಶಗಳಲ್ಲಿ ಹಾರಿದ ಚಕ್ಕೆಯನ್ನೇ ಹುಡುಕಿ ತಂದು ಕೂರಿಸಿ ತುಳಿಯುವ ರೂಢಿ. ನಮ್ಮ ಗರಿಕೆ ಜಾತಿಯ ಚಕ್ಕೆಗೆ ಬುಡದಲ್ಲಿ ಬೇರು ಉಳಿದಿರುವುದು ಅಪರೂಪ. ಕೂರಿಸಿದರೆ ಹೆಚ್ಚಾಗಿ ಒಣಗಿ ಹಾರಿಹೋಗುತ್ತದೆ. ಆದ್ದರಿಂದ ಇಲ್ಲಿ ಕ್ಯಾಡಿಗಳು ಚೀಲದಲ್ಲಿ ಮರಳು ಒಯ್ಯುತ್ತಾರೆ. ಗುಂಡಿಗೆ ಮರಳು ಸುರಿದು, ಕಾಲಿನಿಂದ ಒತ್ತಿ, ಸುತ್ತಲಿನ ಮಣ್ಣಿನ ಮಟ್ಟಕ್ಕೆ ತರುತ್ತಾರೆ. ಹೆಚ್ಚಾದರೆ ಮೋವರಿನ ಬ್ಲೇಡು ಮೊಂಡಾಗುತ್ತದೆ. ಕಡಿಮೆಯಾದರೆ ಹುಲ್ಲಿನ ಕುಡಿ ತಗ್ಗಿಗೆ ಇಳಿದು ಹತ್ತಬೇಕಾಗಿ ತಡವಾಗುತ್ತದೆ. ಸರಿಯಾಗಿದ್ದರೆ ಬೇಸಗೆಯ ಬೆಚ್ಚನೆ ದಿನಗಳಲ್ಲಿ ಎರಡು ಮೂರು ವಾರದೊಳಗೆ ಅಕ್ಕಪಕ್ಕದ ಕುಡಿಗಳು ಮರಳಿನ ಮೇಲೆ ಸೇತುವೆ ಕಟ್ಟುತ್ತವೆ. ಹುಲ್ಲು ಬೆಳೆಸುವುದಕ್ಕೆ ಮಾತ್ರ ಅಲ್ಲ, ಆಟದ ನ್ಯಾಯಕ್ಕೂ ಇದು ಬೇಕು: ಫೇರ್‌ವೇಯ ಡಿವೋಟಿನೊಳಗೆ ಚೆಂಡು ಬಿದ್ದರೆ ಇದ್ದ ಹಾಗೇ ಆಡಬೇಕೆಂದು ನಿಯಮ, ಯಾರೋ ಮಾಡಿದ ಗುಂಡಿಗೆ ಇನ್ಯಾರೋ ದಂಡ ತೆರುತ್ತಾರೆ.

ಇವೆಲ್ಲ ದಿನನಿತ್ಯದ ಗಾಯ. ಕೆಲವೊಮ್ಮೆ ದೊಡ್ಡದೂ ಆಗುತ್ತದೆ. ಮೋವರಿನ ಹೈಡ್ರಾಲಿಕ್ ಪೈಪು ಸೀಳಿ ಬಿಸಿ ಆಯಿಲ್ ಸೋರಿದರೆ ಹುಲ್ಲಿನ ಮೇಲೆ ಗೆರೆ ಎಳೆದಂತೆ ನೆಟ್ಟಗೆ ಸುಟ್ಟ ಪಟ್ಟಿ. ಬೆಂಗಳೂರಿನ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ತಗ್ಗಿನಲ್ಲಿ ನೀರು ನಿಂತರೆ ಕೊಳೆತ ತೇಪೆ. ಆಗ ಬೇಕಾಗುವುದು ನರ್ಸರಿ, ಅಂದರೆ ಮೈದಾನದ ಮೂಲೆಯಲ್ಲಿ ಗ್ರೀನಿನಷ್ಟೇ ಜತನದಿಂದ ಅದೇ ಹುಲ್ಲನ್ನು ಬೆಳೆಸಿಟ್ಟ ಜಾಗ. ಸುಟ್ಟ ಭಾಗವನ್ನು ವಕ್ರವಾಗಿ ಬಿಡದೆ ಚೌಕಾಕಾರವಾಗಿ ಕತ್ತರಿಸಿ, ಕೆಟ್ಟ ಮಣ್ಣು ತೆಗೆದು, ಮರಳಿನಿಂದ ಮಟ್ಟ ಮಾಡಿ, ನರ್ಸರಿಯಿಂದ ಒಂದೇ ದಪ್ಪಕ್ಕೆ ಕೊಯ್ದ ಹುಲ್ಲಿನ ಹಾಸನ್ನು ಸಂದು ಬಿಡದಂತೆ ಜೋಡಿಸುತ್ತಾರೆ. ಒಂದು ಸಾಲಿನ ಸಂದು ಮುಂದಿನ ಸಾಲಿನ ಸಂದಿಗೆ ಸೇರಬಾರದು. ಸಂದುಗಳಿಗೆ ಮರಳು ಉಜ್ಜಿ, ರೋಲರ್ ಎಳೆದು, ಹತ್ತು ಹದಿನೈದು ದಿನ ತೇವ ಆರದಂತೆ ನೋಡಿಕೊಳ್ಳುತ್ತಾರೆ. ಹಾಸು ಸಾಲದಿದ್ದರೆ ನಾಟಿ: ಎರಡು ಮೂರು ಗೆಣ್ಣಿನ ತುಂಡುಗಳನ್ನು ಒಂದು ತುದಿ ಹೊರಗೆ ಬಿಟ್ಟು ಸಾಲಾಗಿ ಹೂಳುವುದು. ಭತ್ತದ ಗದ್ದೆ ಕಂಡ ಕೈಗಳಿಗೆ ಇದನ್ನು ಹೆಚ್ಚು ಹೇಳಿಕೊಡಬೇಕಾಗಿಲ್ಲ.

ಮೇಲಿಂದ ಕಾಣದ ಗಾಯವೇ ಹೆಚ್ಚು ಕಷ್ಟದ್ದು. ಸಾವಿರಾರು ಹೆಜ್ಜೆ ತುಳಿದು ಮಣ್ಣಿನ ಕಣಗಳ ನಡುವಿನ ಗಾಳಿ ಹೊರಟುಹೋದರೆ ಎಷ್ಟು ನೀರು, ಗೊಬ್ಬರ ಕೊಟ್ಟರೂ ಬೇರು ಇಳಿಯದು. ಇದಕ್ಕೆಂದೇ ಒಳ್ಳೆಯ ಗ್ರೀನುಗಳನ್ನು ತಳದಿಂದಲೇ ಬೇರೆ ರೀತಿ ಕಟ್ಟುತ್ತಾರೆ. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಕೆಳಗೆ ಪೈಪು, ಅದರ ಮೇಲೆ ಸುಮಾರು 10 ಸೆಂಟಿಮೀಟರು ಜಲ್ಲಿ, ಮೇಲೆ 30 ಸೆಂಟಿಮೀಟರು ಮರಳು ಪ್ರಧಾನ ಮಿಶ್ರಣ. ಆದರೂ ಕಾಲಕಾಲಕ್ಕೆ ಟೊಳ್ಳು ಮೊಳೆಯ ಯಂತ್ರ ಓಡಿಸಿ, ಬೆರಳು ದಪ್ಪದ ಮಣ್ಣಿನ ತುಂಡುಗಳನ್ನು ಕಿತ್ತು ತೆಗೆದು, ರಂಧ್ರಗಳಿಗೆ ಜರಡಿ ಹಿಡಿದ ಮರಳು ಗುಡಿಸಿ ತುಂಬಬೇಕು. ಒಂದೆರಡು ವಾರ ಚೆಂಡು ಕುಣಿಯುತ್ತಾ ಉರುಳುತ್ತದೆ, ಸದಸ್ಯರು ಗೊಣಗುತ್ತಾರೆ. ಈ ಕೆಲಸಕ್ಕೆ ಹುಲ್ಲು ಚುರುಕಾಗಿ ಬೆಳೆಯುವ ತಿಂಗಳನ್ನೇ ಆರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಡಿಸೆಂಬರಿನ ರಾತ್ರಿ ಪಾದರಸ 15 ಡಿಗ್ರಿಗೆ ಇಳಿದಾಗ ಗರಿಕೆ ಸಾಯುವುದಿಲ್ಲ, ಆದರೆ ಓಡುವುದನ್ನು ನಿಲ್ಲಿಸುತ್ತದೆ. ಆಗ ಮಾಡಿದ ತೂತು ಬೇಗ ಮುಚ್ಚದು. ದೊಡ್ಡ ಮರದ ನೆರಳಿನಲ್ಲೂ ಇದೇ ಕಥೆ; ಗರಿಕೆಗೆ ಬೇಕಾದದ್ದು ಬಯಲಿನ ಬಿಸಿಲು.

ನೀರಿನ ಮಾತು ಆಡದೆ ಈ ನಗರದಲ್ಲಿ ಹುಲ್ಲಿನ ಬಗ್ಗೆ ಬರೆಯುವಂತಿಲ್ಲ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ಗಿಡ, ಹುಲ್ಲಿಗೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಸರಿಯಾದ ಆದೇಶ. ಚೊಂಬು ನೀರಿಗೆ ಜನ ಸಾಲು ನಿಂತಾಗ ಗಾಲ್ಫಿಗೆ ಉಳಿಯುವ ದಾರಿ ಸಂಸ್ಕರಿಸಿದ ಕೊಳಚೆ ನೀರೊಂದೇ. ಅದರಲ್ಲಿ ಸಾರಜನಕ, ರಂಜಕ ಮೊದಲೇ ಇರುವುದರಿಂದ ಗೊಬ್ಬರ ಕಡಿಮೆ ಸಾಕು. ಜೊತೆಗೆ ಬರುವ ಸೋಡಿಯಂ ಮಾತ್ರ ಜೇಡಿಯ ಕಣಗಳನ್ನು ಬಿಡಿಸಿ ಮಣ್ಣಿನ ರಂಧ್ರ ಮುಚ್ಚುತ್ತದೆ. ಮಾಲಿಗಳು ಜಿಪ್ಸಮ್ ಎರಚುತ್ತಾರೆ. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಆಮೇಲಿನ ಜೋರು ಮಳೆ ಉಪ್ಪನ್ನು ಕೆಳಕ್ಕೆ ತೊಳೆದೊಯ್ಯುತ್ತದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್‌ಗಳಲ್ಲಿ ಹುಲ್ಲುಹಾಸು ನೋಡಿಕೊಳ್ಳುವವರು ಈ ವಿದ್ಯೆಯಿಂದ ಒಂದಷ್ಟು ಎರವಲು ಪಡೆಯಬಹುದು. ಗೇಟಿನಿಂದ ಕ್ಯಾಂಟೀನಿಗೆ ಅಡ್ಡದಾರಿ ತುಳಿದು ಮಣ್ಣು ಕಂಡ ಕಡೆ ಪ್ರತಿ ವರ್ಷ ಹೊಸ ಹಾಸು ತಂದು ಮುಚ್ಚುತ್ತಾರೆ, ಅದು ಒಣಗುತ್ತದೆ, ಮತ್ತೆ ತರುತ್ತಾರೆ. ಹಾಸು ತರುವ ಮೊದಲು ಕೆಳಗಿನ ಮಣ್ಣಿಗೆ ಗಾರ್ಡನ್ ಫೋರ್ಕ್ ಚುಚ್ಚಿ ಅಲ್ಲಾಡಿಸಿ, ಮರಳು ತುಂಬಿ, ಅಂಚಿನ ಹುಲ್ಲಿಗೆ ಸರಿಸಮ ಮಾಡಿ, ಸುತ್ತ ಹಗ್ಗ ಕಟ್ಟಿ. ಹಾಸಿರುವುದು ಗರಿಕೆ ಜಾತಿಯಾದರೆ ಮೂರು ನಾಲ್ಕು ವಾರ ಬಿಡಿ. ನರ್ಸರಿಯವರು ಮೆಕ್ಸಿಕನ್ ಗ್ರಾಸ್ ಎಂದು ಕೊಟ್ಟದ್ದಾದರೆ ಅದು ನಿಧಾನ, ತಿಂಗಳುಗಟ್ಟಲೆ ಕಾಯಬೇಕು. ಹಗ್ಗ ಬಿಚ್ಚಿದ ಮೇಲೂ ಜನ ಅಲ್ಲೇ ನಡೆದರೆ ಆ ದಾರಿಗೆ ಕಲ್ಲು ಹಾಸಿಬಿಡಿ, ಎದ್ದ ಹುಲ್ಲನ್ನು ಬೇರೆ ತೇಪೆಗೆ ಇಟ್ಟುಕೊಳ್ಳಿ.