ಟಾರ್ಚಿನ ಕೇಬಲ್ ಮಾಡಿದ ಕಿತಾಪತಿ

“ತಾತ, ಬೋರ್ಡ್ ಸುಟ್ಟುಹೋಯ್ತು ಅನ್ಸತ್ತೆ.” ಮೊಮ್ಮಗನ ಕಣ್ಣಲ್ಲಿ ನೀರು. ಹುಟ್ಟುಹಬ್ಬದ ದುಡ್ಡು ಕೂಡಿಟ್ಟು ಕೊಂಡ ರಾಸ್ಪ್‌ಬೆರಿ ಪೈ ಪಿಕೊ ಅದು. ಅದರೊಳಗೆ ಜೆಫೈರ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ತುಂಬಿ, ದೀಪ ಮಿಣುಕಿಸಬೇಕಿತ್ತು. ಜೆಫೈರ್ ಜೊತೆಗೇ ಬರುವ ಆ ಮಾದರಿ ಪ್ರೋಗ್ರಾಮಿನ ಹೆಸರು ಬ್ಲಿಂಕಿ. ಕಂಪ್ಯೂಟರಿನಲ್ಲಿ ‘ವೆಸ್ಟ್ ಬಿಲ್ಡ್’ ಎಂದು ಆಜ್ಞೆ ಕೊಟ್ಟರೆ ಬೋರ್ಡಿಗೆ ಅರ್ಥವಾಗುವ ಫೈಲ್ ತಯಾರಾಗುತ್ತದೆ. ಆಗಿತ್ತು. ಆಮೇಲೆ ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದು ಯುಎಸ್‌ಬಿಗೆ ಸಿಕ್ಕಿಸಿದರೆ ಪಿಕೊ ಪೆನ್‌ಡ್ರೈವಿನಂತೆ ಕಾಣಿಸಬೇಕು. ಫೈಲನ್ನು ಅದರೊಳಗೆ ಹಾಕಿದರಾಯಿತು. ಕಾಣಿಸಲೇ ಇಲ್ಲ.

ನಾನು ಬಿ.ಕಾಂ., ನಿವೃತ್ತ ಬ್ಯಾಂಕ್ ಗುಮಾಸ್ತ. ಲೆಕ್ಕ ತಾಳೆಯಾಗದಿದ್ದರೆ ಮೊದಲ ವೋಚರಿನಿಂದ ನೋಡುವುದೊಂದೇ ನನಗೆ ಗೊತ್ತು. ಕೇಬಲ್‌ನಿಂದ ಶುರುಮಾಡಿದೆವು. ಅದು ನನ್ನ ಟಾರ್ಚಿನ ಜೊತೆ ಬಂದದ್ದು. ಕರೆಂಟು ಮಾತ್ರ ಹರಿಯುತ್ತದೆ, ಡೇಟಾ ತಂತಿಯೇ ಇಲ್ಲ! ಬೇರೆ ಕೇಬಲ್ ಹಾಕಿದೆವು. ದೀಪ ಒಂದು ಸೆಕೆಂಡು ಹೊತ್ತಿತು, ಒಂದು ಸೆಕೆಂಡು ಆರಿತು.

ಇವನು ತಕ್ಷಣ ಪ್ರೋಗ್ರಾಮಿನ 1000 ಮಿಲಿಸೆಕೆಂಡನ್ನು 200 ಎಂದು ತಿದ್ದಿ, ದೀಪ ನೋಡುತ್ತಾ ಕೂತ. ಏನೂ ಬದಲಾಗಲಿಲ್ಲ.

“ವೋಚರ್ ತಿದ್ದಿದ್ದೀಯ, ಲೆಡ್ಜರಿಗೆ ಏರಿಸಿಲ್ಲವಲ್ಲೋ!” ಎಂದೆ.

ಮತ್ತೆ ಬಿಲ್ಡ್, ಮತ್ತೆ ಬೋರ್ಡಿಗೆ ತುಂಬುವ ಕೆಲಸ. ಈ ಸಲ ಗುಂಡಿ ಒತ್ತಿ ಹಿಡಿದವನು ನಾನು. ದೀಪ ಪಟಪಟ ಮಿಣುಕಿತು. ಟಾರ್ಚಿನ ಕೇಬಲಿಗೆ ಅವನು ಕೆಂಪು ದಾರ ಕಟ್ಟಿಟ್ಟಿದ್ದಾನೆ.