ಕ್ಯಾಂಡಿಡಾ ಡಯಟ್ಟು ಮತ್ತು ಮೊಳಕಾಲ್ಮೂರಿನ ಅಡುಗೆಮನೆ

ಸಕ್ಕರೆ ಬಿಡಿ, ಬೆಲ್ಲ ಬಿಡಿ, ಹಣ್ಣು ಬಿಡಿ. ಮೈದಾ, ಬ್ರೆಡ್ಡು, ಇಡ್ಲಿ, ದೋಸೆ ಬಿಡಿ. ಶೇಂಗಾ ಅಂತೂ ಮುಟ್ಟಲೇಬೇಡಿ. ಬಾದಾಮಿ ಹಿಟ್ಟು, ಬ್ರೊಕೊಲಿ, ಆಲಿವ್ ಎಣ್ಣೆ ತಿನ್ನಿ. ಇದು ‘ಕ್ಯಾಂಡಿಡಾ ಡಯಟ್’ ಹೆಸರಲ್ಲಿ ವಾಟ್ಸಾಪಿನಲ್ಲಿ ಓಡಾಡುವ ಪಟ್ಟಿ. ನಮ್ಮ ಹಾಸ್ಟೆಲಿನಲ್ಲೇ ಇದನ್ನ ಪಾಲಿಸೋಕೆ ಹೋಗಿ ಮೆಸ್ಸಿನ ಊಟ ಬಿಟ್ಟವರನ್ನ ನೋಡಿದ್ದೀವಿ. ಆದ್ರೆ ನಾವು ಇದನ್ನ ಸೀರಿಯಸ್ಸಾಗಿ ಓದಿದ್ದು ನಮ್ಮ ರೂಮ್‌ಮೇಟ್ ಒಬ್ಬನ ಅಜ್ಜಿಯಿಂದ. ಊರು ಮೊಳಕಾಲ್ಮೂರು. ಅಜ್ಜಿಗೆ ಬಾಯೆಲ್ಲಾ ಬಿಳಿ ಪದರ, ನುಂಗೋಕೆ ಉರಿ. ನೆಂಟರೊಬ್ಬರು ಈ ಪಟ್ಟಿ ಕಳಿಸಿದ್ರು, ಜೊತೆಗೆ ಸಾವಿರಾರು ರೂಪಾಯಿಯ ‘ಡಿಟಾಕ್ಸ್ ಕಿಟ್’ ಲಿಂಕು ಕೂಡ. ಅಜ್ಜಿ ಹದಿನೈದು ದಿನ ಅರೆಹೊಟ್ಟೆ ಉಂಡು, ಶುಗರ್ ಮಾತ್ರೆ ಮಾತ್ರ ತಪ್ಪದೆ ನುಂಗಿ, ಒಂದು ಬೆಳಗ್ಗೆ ತಲೆಸುತ್ತಿ ಬಿದ್ದರು.

ಮೊದಲು ಕ್ಯಾಂಡಿಡಾ ಅಂದ್ರೇನು ನೋಡೋಣ. ಇದು ಒಂದು ಜಾತಿಯ ಯೀಸ್ಟು, ಅಂದ್ರೆ ಒಂದೇ ಕೋಶದ ಶಿಲೀಂಧ್ರ. ಇದರಲ್ಲಿ ಹೆಚ್ಚಾಗಿ ಕಾಣೋದು ಕ್ಯಾಂಡಿಡಾ ಆಲ್ಬಿಕನ್ಸ್. ಇದನ್ನ ಓದ್ತಿರೋ ನಮ್ಮಲ್ಲಿ ಬಹಳ ಜನರ ಬಾಯಲ್ಲಿ, ಕರುಳಲ್ಲಿ ಈಗಲೂ ಇದೆ, ತೊಂದರೆ ಏನೂ ಕೊಡ್ತಿಲ್ಲ. ಪಕ್ಕದಲ್ಲೇ ಇರುವ ಬ್ಯಾಕ್ಟೀರಿಯಾ ಮತ್ತು ನಮ್ಮ ರೋಗನಿರೋಧಕ ಶಕ್ತಿ ಅದನ್ನ ಹದ್ದುಬಸ್ತಿನಲ್ಲಿ ಇಟ್ಟಿರ್ತವೆ. ಆ್ಯಂಟಿಬಯೋಟಿಕ್ ತಗೊಂಡು ಬ್ಯಾಕ್ಟೀರಿಯಾ ಸತ್ತಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಸ್ಟೀರಾಯ್ಡ್ ತಗೊಳ್ತಿದ್ದಾಗ ಅದು ಹೆಚ್ಚಾಗಿ ಬೆಳೀತದೆ. ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸೋರು ಪ್ರತಿ ಸಲ ಆದ್ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗೀಬೇಕು ಅಂತ ಹೇಳೋದು ಇದಕ್ಕೇ. ಹೆಣ್ಣುಮಕ್ಕಳಲ್ಲಿ ನಾಲ್ವರಲ್ಲಿ ಮೂವರಿಗೆ ಜೀವನದಲ್ಲಿ ಒಂದು ಸಲವಾದ್ರೂ ಯೋನಿಯಲ್ಲಿ ಈ ಸೋಂಕು ಬರ್ತದೆ ಅಂತ ವೈದ್ಯರ ಅಂದಾಜು. ನಾಚಿಕೆ ಪಡೋ ವಿಷಯ ಅಲ್ಲ ಇದು.

(ಹುಡುಗರ ಹಾಸ್ಟೆಲಿನ ತೊಡೆಸಂದಿನ ತುರಿಕೆ ಸಾಮಾನ್ಯವಾಗಿ ಗಜಕರ್ಣ. ಅದು ಬೇರೆ ಶಿಲೀಂಧ್ರ. ಅದಕ್ಕೆ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಸೇರಿದ ಮುಲಾಮು ತಂದು ಹಚ್ಚಬೇಡಿ. ಮೊದಲು ಕಡಿಮೆ ಆದಂಗೆ ಕಂಡು ಆಮೇಲೆ ಇನ್ನೂ ಹರಡ್ತದೆ.)

ಡಯಟ್ಟಿನ ಕತೆ ಅಮೆರಿಕದ್ದು. 1983ರಲ್ಲಿ ಓರಿಯನ್ ಟ್ರಸ್ ಮತ್ತು ವಿಲಿಯಂ ಕ್ರೂಕ್ ಎಂಬ ಇಬ್ಬರು ವೈದ್ಯರು ಒಂದೊಂದು ಪುಸ್ತಕ ಬರೆದ್ರು. ಸುಸ್ತು, ತಲೆನೋವು, ಹೊಟ್ಟೆಯುಬ್ಬರ, ಬೇಜಾರು, ಎಲ್ಲದರ ಹಿಂದೆಯೂ ದೇಹದಲ್ಲಿ ಅಡಗಿರೋ ಕ್ಯಾಂಡಿಡಾ ಇರಬಹುದು ಅನ್ನೋದು ಅವರ ವಾದ. ಲಕ್ಷಣಗಳ ಪಟ್ಟಿ ಎಷ್ಟು ಉದ್ದ ಅಂದ್ರೆ ಇಂಟರ್ನಲ್ಸ್ ವಾರದಲ್ಲಿ ನಮ್ಮ ಇಡೀ ಕ್ಲಾಸಿಗೇ ಕ್ಯಾಂಡಿಡಾ ಇದೆ ಅನ್ನಬಹುದು. 1986ರಲ್ಲಿ ಅಲ್ಲಿನ ಅಲರ್ಜಿ ತಜ್ಞರ ಅಕಾಡೆಮಿಯೇ ಇದು ಬರೀ ಊಹೆ, ಸಾಬೀತಾಗಿಲ್ಲ ಅಂತ ಹೇಳಿತು. 1990ರಲ್ಲಿ 42 ಮಹಿಳೆಯರ ಮೇಲೆ ಪರೀಕ್ಷೆ ನಡೀತು. ನಿಸ್ಟಾಟಿನ್ ಅನ್ನೋ ಶಿಲೀಂಧ್ರ ಔಷಧಿ ಯೋನಿಯ ಸೋಂಕಿನ ಲಕ್ಷಣಗಳನ್ನ ಕಡಿಮೆ ಮಾಡ್ತು, ಸುಸ್ತಿನಂಥ ಲಕ್ಷಣಗಳಿಗೆ ಮಾತ್ರ ಸುಳ್ಳುಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ. ಅಂದಹಾಗೆ ನಿಸ್ಟಾಟಿನ್ ಕಂಡುಹಿಡಿದದ್ದು ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು, 1950ರ ಸುಮಾರಿಗೆ. ‘ನ್ಯೂಯಾರ್ಕ್ ಸ್ಟೇಟ್’ ಅನ್ನೋದನ್ನ ಮೊಟಕು ಮಾಡಿ ಇಟ್ಟ ಹೆಸರು ಅದು.

ಸಕ್ಕರೆ ತಿಂದ್ರೆ ಯೀಸ್ಟ್ ಬೆಳೆಯೋದಿಲ್ವಾ? ಗಾಜಿನ ತಟ್ಟೆಯಲ್ಲಿ ಬೆಳೀತದೆ. ಹೊಟ್ಟೆಯಲ್ಲಿ ಲೆಕ್ಕ ಬೇರೆ. ತಿಂದ ಸಕ್ಕರೆಯ ಬಹುಪಾಲು ಸಣ್ಣಕರುಳಿನಲ್ಲೇ ರಕ್ತಕ್ಕೆ ಹೋಗ್ತದೆ. ರಕ್ತದಲ್ಲಿ ಇನ್ಸುಲಿನ್ ಒಂದು ಫೀಡ್‌ಬ್ಯಾಕ್ ಕಂಟ್ರೋಲರ್ ಥರ ಕೆಲಸ ಮಾಡಿ ಗ್ಲೂಕೋಸನ್ನ ಸೆಟ್ ಪಾಯಿಂಟಿಗೆ ತರ್ತದೆ. 1999ರಲ್ಲಿ ಜರ್ಮನಿಯಲ್ಲಿ 28 ಆರೋಗ್ಯವಂತರಿಗೆ ಬೇಕಂತಲೇ ಹೆಚ್ಚು ಸಕ್ಕರೆ ಕೊಟ್ಟು ನೋಡಿದ್ರು, ಕ್ಯಾಂಡಿಡಾ ಪ್ರಮಾಣದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಆಗಲಿಲ್ಲ. ಆದ್ರೆ ಮಧುಮೇಹಿಗಳಲ್ಲಿ ಆ ಕಂಟ್ರೋಲರ್ರೇ ಕೆಟ್ಟಿರ್ತದೆ. ರಕ್ತದಲ್ಲೂ ಜೊಲ್ಲಿನಲ್ಲೂ ಗ್ಲೂಕೋಸ್ ಏರ್ತದೆ, ಬಿಳಿರಕ್ತಕಣಗಳ ಕೆಲಸ ಕುಂದ್ತದೆ, ಕ್ಯಾಂಡಿಡಾಕ್ಕೆ ಜಾಗ ಸಿಗ್ತದೆ. ಹಾಗಾಗಿ ಅಜ್ಜಿಯ ವಿಷಯದಲ್ಲಿ ಸಕ್ಕರೆಗೂ ಬಾಯಿಹುಣ್ಣಿಗೂ ನಿಜವಾಗಿಯೇ ನಂಟಿತ್ತು. ಡಾಕ್ಟರು ಬಾಯಿಗೆ ಹಚ್ಚೋ ಔಷಧಿ ಕೊಟ್ಟರು, ಶುಗರ್ ಮಾತ್ರೆಯ ಡೋಸ್ ಸರಿ ಮಾಡಿದ್ರು, ಜೊತೆಗೆ ರಾತ್ರಿ ಹಲ್ಲಿನ ಸೆಟ್ ತೆಗೆದು ತೊಳೆದಿಟ್ಟು ಮಲಗಿ ಅಂದ್ರು. ಈ ಕೊನೆಯದು ಯಾವ ಡಯಟ್ ಪಟ್ಟಿಯಲ್ಲೂ ನಮಗೆ ಕಾಣಲಿಲ್ಲ. ಕಟ್ಟಿಸಿಕೊಂಡ ಹಲ್ಲಿನ ಕೆಳಗೆ ಕ್ಯಾಂಡಿಡಾ ಚೆನ್ನಾಗಿ ಬೆಳೀತದೆ.

ಹಾಗಾದ್ರೆ ಊಟ? ರಜೆಯಲ್ಲಿ ನಾವು ಮೂವರೂ ಆ ಮನೆಗೆ ಹೋಗಿದ್ವಿ. ಚಳ್ಳಕೆರೆ, ಮೊಳಕಾಲ್ಮೂರು ಅಂದ್ರೆ ರಾಜ್ಯದಲ್ಲೇ ಮಳೆ ಕಡಿಮೆ ಬೀಳೋ ಕಡೆ. ಭತ್ತ ಅಷ್ಟಕ್ಕಷ್ಟೆ. ಹಿಂದಿನಿಂದ ಬಂದದ್ದು ನವಣೆ, ಸಾಮೆ, ಸಜ್ಜೆ, ಜೋಳ, ರಾಗಿ, ಹುರುಳಿ. ಬಾದಾಮಿ ಹಿಟ್ಟಿನ ಪಟ್ಟಿ ಓದಿ ಹೇಳಿದಾಗ ಅಜ್ಜಿ ನಮ್ಮನ್ನ ನೋಡಿ, “ನವಣೆ ತಿನ್ನಾಕೆ ನನಗೆ ಫೋನು ಹೇಳ್ಬೇಕೇನ್ರಪ್ಪಾ?” ಅಂದ್ರು.

ನವಣೆ ಅನ್ನ ಮಾಡೋದು ಸುಲಭ. ಒಂದು ಲೋಟ ನವಣೆ ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ. ಎರಡರಿಂದ ಎರಡೂವರೆ ಲೋಟ ನೀರು ಕುದಿಸಿ ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ, ಇಳಿಸಿದ ಮೇಲೆ ಹತ್ತು ನಿಮಿಷ ಮುಚ್ಚಿಡಿ. ಜೊತೆಗೆ ಹುರುಳಿಕಾಳು ಸಾರು ಅಥವಾ ಯಾವುದಾದ್ರೂ ಸೊಪ್ಪಿನ ಸಾರು. ಒಂದು ಎಚ್ಚರ: 100 ಗ್ರಾಂ ನವಣೆಯಲ್ಲೂ ಸುಮಾರು 60 ಗ್ರಾಂ ಪಿಷ್ಟ ಇದೆ. ನಾರು ಮತ್ತು ಪ್ರೋಟೀನು ಪಾಲಿಶ್ ಅಕ್ಕಿಗಿಂತ ಹೆಚ್ಚು ಅನ್ನೋದು ನಿಜ, ಹಾಗಂತ ಸಿರಿಧಾನ್ಯ ಅಂದ್ಕೊಂಡು ಮೂರು ತಟ್ಟೆ ಹೊಡೆದ್ರೆ ಮೀಟರ್ ಸುಮ್ನಿರಲ್ಲ. ಮುದ್ದೆಗೂ ಇದೇ ಮಾತು. ಅಜ್ಜಿಗೆ ಒಂದು ಸಣ್ಣ ಮುದ್ದೆ, ತಟ್ಟೆ ತುಂಬ ಸೊಪ್ಪು, ಕಾಳು ಅಂತ ಲೆಕ್ಕ ಆಯ್ತು.

ಬಾಯಿ ಉರಿಯೋ ದಿನಗಳಲ್ಲಿ ಮುದ್ದೆ ಬಹಳ ಅನುಕೂಲ, ಅಗಿಯೋ ಹಾಗೇ ಇಲ್ವಲ್ಲ, ಮೆತ್ತಗೆ ಮಾಡಿ ನುಂಗಿದ್ರಾಯ್ತು. ಖಾರ, ಹುಣಸೆಹುಳಿ ಕಮ್ಮಿ. ಅದೂ ಆಗದಿದ್ರೆ ರಾಗಿ ಅಂಬಲಿ: ಎರಡು ಚಮಚ ಹಿಟ್ಟನ್ನ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯೋ ಎರಡು ಲೋಟ ನೀರಿಗೆ ಹಾಕಿ ತಿರುವಿ, ಆರಿದ ಮೇಲೆ ಮಜ್ಜಿಗೆ, ಉಪ್ಪು.

ಮಜ್ಜಿಗೆ, ಇಡ್ಲಿ ಹುದುಗಿದ್ದು, ಬೇಡ ಅಂತಾರಲ್ಲ? ಮೊಸರು ಮಾಡೋದು ಬ್ಯಾಕ್ಟೀರಿಯಾ. ಇಡ್ಲಿ ಹಿಟ್ಟು ಉಬ್ಬೋದ್ರಲ್ಲೂ ದೊಡ್ಡ ಪಾಲು ಬ್ಯಾಕ್ಟೀರಿಯಾದ್ದೇ. ಬ್ರೆಡ್ಡಿನ ಯೀಸ್ಟು ಬೇರೆ ಜಾತಿ, ಬೇಯುವಾಗಲೇ ಸಾಯ್ತದೆ, ಕ್ಯಾಂಡಿಡಾ ಆಗಿ ಬದಲಾಗಲ್ಲ.

ಇನ್ನು ಶೇಂಗಾ. ಎಣ್ಣೆ ಮಿಲ್ಲುಗಳಿಂದ ಹೆಸರಾದ ಚಳ್ಳಕೆರೆಯ ಪಕ್ಕದಲ್ಲಿ ಕೂತು ಶೇಂಗಾ ಬಿಡಿ ಅನ್ನೋದು ನಮಗೆ ಸ್ವಲ್ಪ ಅತಿ ಅನ್ನಿಸ್ತು. ಅದಕ್ಕೆ ಕೊಡೋ ಕಾರಣ ಬೂಷ್ಟು. ಒದ್ದೆಯಾಗಿ ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಅದು ಲಿವರಿಗೆ ಕೆಟ್ಟದ್ದು, ಹುರಿದ್ರೂ ಪೂರ್ತಿ ಹೋಗಲ್ಲ. ಆದ್ರೆ ಅದನ್ನ ಮಾಡೋದು ಆಸ್ಪರ್ಜಿಲಸ್, ಕ್ಯಾಂಡಿಡಾ ಅಲ್ಲ. ಮುರುಟಿದ್ದು, ಬಣ್ಣ ಕೆಟ್ಟದ್ದು, ಕಹಿ ಬಂದದ್ದು ಆರಿಸಿ ಬಿಸಾಕಿ. ಉಳಿದದ್ದನ್ನ ಹುರಿದು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಸ್ವಲ್ಪ ಒಣಮೆಣಸಿನಕಾಯಿ ಹಾಕಿ ಕುಟ್ಟಿದ್ರೆ ಚಟ್ನಿಪುಡಿ. ನಾವು ಒಂದು ಡಬ್ಬಿ ಹಾಸ್ಟೆಲಿಗೆ ತಂದ್ವಿ, ನಾಲ್ಕೇ ದಿನದಲ್ಲಿ ಖಾಲಿ.

ಹಾಸ್ಟೆಲಲ್ಲಿ ಇರೋರಿಗೆ: ಡಾಕ್ಟರು ಸಿಹಿ ಕಮ್ಮಿ ಮಾಡಿ ಅಂದಿದ್ರೆ ಮೊದಲು ಹೋಗಬೇಕಾದದ್ದು ಕೂಲ್‌ಡ್ರಿಂಕ್ಸು, ಕ್ಯಾಂಟೀನಿನ ನಾಲ್ಕು ಟೀ, ಕ್ರೀಮ್ ಬಿಸ್ಕೆಟ್ಟು. ಮೆಸ್ಸಿನ ಪಲ್ಯ, ಸಾರು, ಮೊಸರು, ಬಾಳೆಹಣ್ಣು ಬಿಡಬೇಕಾಗಿಲ್ಲ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಮನೆಯಲ್ಲಿದ್ರೆ, ಡಾಕ್ಟರನ್ನ ಕೇಳದೆ ಅವರ ಊಟ ಕಮ್ಮಿ ಮಾಡಿಸಬೇಡಿ. ಬಿಳಿ ಪದರ ಎರಡು ವಾರವಾದ್ರೂ ಹೋಗದಿದ್ರೆ, ಪದೇಪದೇ ಬಂದ್ರೆ, ನುಂಗುವಾಗ ಎದೆಯಲ್ಲಿ ನೋವಾದ್ರೆ ತಡಮಾಡದೆ ತೋರಿಸಿ. ಕಾರಣವಿಲ್ಲದೆ ಬರೋ ಬಾಯಿಯ ಕ್ಯಾಂಡಿಡಾ ಕೆಲವೊಮ್ಮೆ ಇನ್ನೂ ಗೊತ್ತಾಗದ ಸಕ್ಕರೆ ಕಾಯಿಲೆಯ ಮೊದಲ ಸುಳಿವು ಆಗಿರ್ತದೆ.

ಅಜ್ಜಿ ಈಗ ಮುದ್ದೆ ಉಣ್ತಿದ್ದಾರೆ. ಕಿಟ್ಟಿನ ಡಬ್ಬಿಗಳಲ್ಲಿ ಒಂದರಲ್ಲಿ ಜೀರಿಗೆ, ಇನ್ನೊಂದರಲ್ಲಿ ಸಾಸಿವೆ ತುಂಬಿಟ್ಟಿದ್ದಾರೆ.